ಮೋಟಾರಿನ ನಾಡಿಪರೀಕ್ಷೆ: ಅಲ್ಪ ಬೆಲೆಯ ಸ್ಕ್ಯಾನರನ್ನು ಆರಿಸುವ ಬಗೆ

ಕಾರು ನಡೆಸುವವನ ಕಣ್ಣೆದುರಿನ ಫಲಕದ ಮೇಲೆ ಎಂಜಿನಿನ ಆಕಾರದ ಹಳದಿ ದೀಪವೊಂದಿರುತ್ತದೆ. ಕೀಲಿಯನ್ನು ತಿರುಗಿಸಿದಾಗ ಅದು ಹೊತ್ತಿಕೊಂಡು, ಎಂಜಿನು ನಡೆಯಲಾರಂಭಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಆರಿಹೋಗಬೇಕು. ಹಾಗೆ ಆರದೆ ಉರಿಯುತ್ತಲೇ ಉಳಿದರೆ, ಅಥವಾ ದಾರಿಯ ನಡುವೆ ತಾನಾಗಿ ಹೊತ್ತಿಕೊಂಡರೆ, ಗಾಡಿಯೊಳಗೆ ಎಲ್ಲಿಯೋ ಏನೋ ಕೆಟ್ಟಿದೆಯೆಂದು ಅರ್ಥ. ಎಲ್ಲಿ ಕೆಟ್ಟಿದೆ, ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂಬುದನ್ನು ಮಾತ್ರ ಆ ದೀಪವು ಹೇಳುವುದಿಲ್ಲ. ಜ್ವರ ಬಂದಿದೆಯೆಂದು ತಿಳಿದ ಮಾತ್ರಕ್ಕೆ ರೋಗ ಯಾವುದೆಂದು ತಿಳಿಯದಷ್ಟೆ.

ಸೇಡಂ, ಸುಲೇಪೇಟ, ಚಿಂಚೋಳಿಗಳ ಕಡೆಯ ರಸ್ತೆಗಳಲ್ಲಿ ಓಡಾಡುವ ಗಾಡಿಯ ಒಡೆಯನಿಗೆ ಈ ದೀಪವು ತರುವ ಚಿಂತೆ ಸಣ್ಣದಲ್ಲ. ಕಂಪನಿಯ ಅಧಿಕೃತ ಗ್ಯಾರೇಜು ಬೇಕಾದರೆ ಕಲಬುರಗಿಯವರೆಗೆ ಹೋಗಬೇಕಾಗಬಹುದು. ಅದಕ್ಕೆ ಒಂದು ದಿನದ ಕೆಲಸ ಹೋಯಿತು. ಬಾಡಿಗೆಗೆ ಓಡಿಸುವ ಗಾಡಿಯಾದರೆ ಒಂದು ದಿನದ ಸಂಪಾದನೆಯೂ ಹೋಯಿತು. ಅಷ್ಟು ದೂರ ಹೋದಮೇಲೆ ಸಡಿಲವಾದ ಒಂದು ರಬ್ಬರು ಕೊಳವೆಯನ್ನು ಬಿಗಿಮಾಡಿದರೆ ಸಾಕಾಗಿತ್ತೆಂದು ತಿಳಿದುಬರುವುದೂ ಉಂಟು. ಇಲ್ಲವೆ, ಊಹೆಯ ಮೇಲೆ ಒಂದಾದಮೇಲೊಂದು ಬಿಡಿಭಾಗವನ್ನು ಬದಲಾಯಿಸುತ್ತ ಹೋಗಿ, ಸಾವಿರಾರು ರೂಪಾಯಿ ವೆಚ್ಚವಾದರೂ ದೀಪವು ಆರದೆ ಇರುವುದೂ ಉಂಟು.

ಈ ಕಷ್ಟಕ್ಕೆ ಇಂದು ಒಂದು ಅಲ್ಪ ಬೆಲೆಯ ಸಾಧನ ದೊರೆಯುತ್ತದೆ. ಅಂಗೈಯಲ್ಲಿ ಅಡಗುವ ಈ ಯಂತ್ರವನ್ನು ಮೆಕ್ಯಾನಿಕರು ಸ್ಕ್ಯಾನರ್ ಎಂದು ಕರೆಯುತ್ತಾರೆ. ಅದು ಮಾಡುವ ಕೆಲಸವೇನು? ಮಾಡಲಾರದ ಕೆಲಸವೇನು? ಪೇಟೆಯಲ್ಲಿ ಸಿಕ್ಕುವ ಹತ್ತಾರು ಬಗೆಗಳಲ್ಲಿ ಯಾವುದನ್ನು ಕೊಂಡರೆ ಹಣ ವ್ಯರ್ಥವಾಗದು? ಇವನ್ನು ವಿಚಾರಿಸಬೇಕಾದರೆ, ಮೊದಲು ಕಾರು ಮಾತನಾಡಲು ಕಲಿತ ಕಥೆಯನ್ನು ತಿಳಿಯಬೇಕು.

ಹೊಗೆಮಂಜಿನಿಂದ ಹುಟ್ಟಿದ ವಿದ್ಯೆ

ಹಿಂದಿನ ಕಾಲದ ಎಂಜಿನಿನಲ್ಲಿ ಪೆಟ್ರೋಲು ಮತ್ತು ಗಾಳಿಯನ್ನು ಬೆರಸುವ ಕೆಲಸವನ್ನು ಕಾರ್ಬ್ಯುರೇಟರು ಮಾಡುತ್ತಿತ್ತು. ಅದರಲ್ಲಿ ವಿದ್ಯುತ್ತಿನ ಬುದ್ಧಿ ಯಾವುದೂ ಇರಲಿಲ್ಲ. 1983ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕೂಡ ಅಂಥದೇ. ಅನುಭವಿಯಾದ ಮಿಸ್ತ್ರಿಯು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಸದ್ದನ್ನು ಕೇಳುತ್ತಿದ್ದನು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡಿ, ಪೆಟ್ರೋಲು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುತ್ತಿದ್ದನು.

ಈ ಸ್ಥಿತಿಯನ್ನು ಬದಲಾಯಿಸಿದುದು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಕೆಟ್ಟ ಗಾಳಿ. ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಸುವ ಹೊಗೆಮಂಜಿಗೆ ಮೋಟಾರುಗಳ ಹೊಗೆಯೂ ಬಿಸಿಲೂ ಕೂಡಿ ಕಾರಣವೆಂಬುದನ್ನು 1950ರ ದಶಕದ ಮೊದಲಲ್ಲಿ ಏರಿ ಹಾಗೆನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ ತೋರಿಸಿಕೊಟ್ಟನು. ಅಲ್ಲಿಂದಾಚೆಗೆ ಹೊಗೆಯ ಮೇಲೆ ಕಟ್ಟಳೆಗಳು ಬಂದವು. ಆದರೆ ಹೊಸದಾಗಿದ್ದಾಗ ಶುಚಿಯಾಗಿ ನಡೆದ ಕಾರು ಹಳೆಯದಾದಾಗ ಕೆಟ್ಟ ಹೊಗೆಯನ್ನುಗುಳಿದರೆ ಕಟ್ಟಳೆಯಿಂದೇನು ಲಾಭ? ಆದಕಾರಣ, ಗಾಡಿಯು ತನ್ನ ದೋಷವನ್ನು ತಾನೇ ಕಂಡುಹಿಡಿದು ಚಾಲಕನಿಗೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯವು ವಿಧಿಸಿತು. ಈ ಏರ್ಪಾಡಿಗೆ ಓ.ಬಿ.ಡಿ. ಎಂದು ಹೆಸರು, ಗಾಡಿಯಲ್ಲಿಯೇ ಅಡಕವಾದ ದೋಷಪರೀಕ್ಷೆ ಎಂದು ಇದರ ತಾತ್ಪರ್ಯ. 1991ರ ಮಾದರಿಗಳಲ್ಲಿ ಮೊದಲ ಓ.ಬಿ.ಡಿ. ಬಂದಿತು. ಅದರಲ್ಲಿ ಒಂದೊಂದು ಕಂಪನಿಯದು ಒಂದೊಂದು ಭಾಷೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಆಕಾರದ ಕಿಂಡಿ, ಒಂದೇ ಬಗೆಯ ಸಂಕೇತಗಳು ಇರಬೇಕೆಂದು ಗೊತ್ತಾಯಿತು. ಇದೇ ಓ.ಬಿ.ಡಿ. ಎರಡು. ಯೂರೋಪಿನಲ್ಲಿ 2001ರಿಂದ ಪೆಟ್ರೋಲು ಕಾರುಗಳಿಗೆ ಇಂಥದೇ ನಿಯಮ ಬಂದಿತು.

ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4 ಕಟ್ಟಳೆಗೆ ಒಳಪಟ್ಟ ಗಾಡಿಗಳಿಗೆ 2010ರ ಏಪ್ರಿಲಿನಿಂದ ಓ.ಬಿ.ಡಿ.ಯ ಮೊದಲ ಹಂತವೂ, 2013ರ ಏಪ್ರಿಲಿನಿಂದ ಎರಡನೆಯ ಹಂತವೂ ಕಡ್ಡಾಯವಾದವು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. 2010ರಲ್ಲಿ ಸ್ಟೇಜ್ 4 ಜಾರಿಗೆ ಬಂದುದು ಬೆಂಗಳೂರೇ ಮೊದಲಾದ ಕೆಲವು ದೊಡ್ಡ ನಗರಗಳಲ್ಲಿ ಮಾತ್ರ. ಇಡೀ ದೇಶಕ್ಕೆ ಅದು ವ್ಯಾಪಿಸಿದುದು 2017ರ ಏಪ್ರಿಲ್ 1ರಂದು. ಆದುದರಿಂದ ನಮ್ಮ ಕಡೆಯಲ್ಲಿ ಆ ನಡುವಣ ವರ್ಷಗಳಲ್ಲಿ ನೋಂದಾಯಿತವಾದ ಕಾರಿಗೆ ಈ ಸೌಲಭ್ಯ ಇರಲೂಬಹುದು, ಇಲ್ಲದಿರಲೂಬಹುದು. ಕೇವಲ ವರ್ಷವನ್ನು ನೋಡಿ ಸ್ಕ್ಯಾನರನ್ನು ಕೊಳ್ಳುವುದು ಸರಿಯಲ್ಲ. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಜಾರಿಯಲ್ಲಿರುವುದರಿಂದ, ಅನಂತರದ ಕಾರುಗಳ ವಿಷಯದಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ.

ಗಾಡಿಯ ಮಿದುಳು ಮತ್ತು ಇಂದ್ರಿಯಗಳು

ಇಂದಿನ ಎಂಜಿನನ್ನು ಆಳುವುದು ಒಂದು ಚಿಕ್ಕ ಗಣಕಯಂತ್ರ. ಇದಕ್ಕೆ ಇ.ಸಿ.ಯು. ಎನ್ನುತ್ತಾರೆ. ಇದು ಗಾಡಿಯ ಮಿದುಳಾದರೆ, ಅಲ್ಲಲ್ಲಿ ಜೋಡಿಸಿರುವ ಸೆನ್ಸರುಗಳು ಅದರ ಇಂದ್ರಿಯಗಳು. ಅವುಗಳ ಹಿಂದಿರುವ ತತ್ತ್ವಗಳೆಲ್ಲ ನಮ್ಮ ವಿದ್ಯಾರ್ಥಿಗಳು ಶಾಲೆಯ ಭೌತಶಾಸ್ತ್ರದಲ್ಲಿ ಓದಿರುವಂಥವೇ.

ಎಂಜಿನನ್ನು ತಣಿಸುವ ಕೂಲೆಂಟಿನ ಶಾಖವನ್ನು ಅಳೆಯುವುದು ಒಂದು ಅರೆವಾಹಕದ ತುಣುಕು. ಲೋಹದ ತಂತಿ ಕಾದಂತೆಲ್ಲ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಈ ತುಣುಕಿನಲ್ಲಾದರೋ ಕಾದಂತೆಲ್ಲ ರೋಧ ಕುಗ್ಗುತ್ತದೆ. ರೋಧವನ್ನು ತಿಳಿದರೆ ಉಷ್ಣತೆಯನ್ನು ತಿಳಿದಂತಾಯಿತು. ಎಂಜಿನು ಎಳೆದುಕೊಳ್ಳುವ ಗಾಳಿಯನ್ನು ಅಳೆಯಲು ಕೆಲವು ಗಾಡಿಗಳಲ್ಲಿ ಕಾದ ತಂತಿಯೊಂದಿರುತ್ತದೆ. ಗಾಳಿ ಬೀಸಿದಷ್ಟೂ ತಂತಿ ತಣಿಯುತ್ತದೆ. ಅದರ ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ತು ಬೇಕಾಯಿತೆಂಬುದೇ ಗಾಳಿಯ ಅಳತೆ. ಮತ್ತೆ ಕೆಲವು ಗಾಡಿಗಳಲ್ಲಿ, ಅದರಲ್ಲಿಯೂ ಅನೇಕ ಸಣ್ಣ ಕಾರುಗಳಲ್ಲಿ, ಈ ತಂತಿಯ ಬದಲು ಗಾಳಿಗೊಳವೆಯ ಒಳಗಿನ ಒತ್ತಡವನ್ನು ಅಳೆದು ಲೆಕ್ಕ ಹಾಕುತ್ತಾರೆ.

ಎಲ್ಲಕ್ಕಿಂತ ಸೊಗಸಾದುದು ಆಮ್ಲಜನಕದ ಸೆನ್ಸರು. ಒಂದು ಕಿಲೋಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಹೊಗೆಕೊಳವೆಯೊಳಗಿನ ಈ ಸೆನ್ಸರು ಉರಿದು ಮಿಕ್ಕ ಆಮ್ಲಜನಕವನ್ನು ಹೊರಗಿನ ಗಾಳಿಯದರೊಡನೆ ಹೋಲಿಸಿ ಪುಟ್ಟ ಬ್ಯಾಟರಿಯಂತೆ ವೋಲ್ಟೇಜನ್ನು ಹುಟ್ಟಿಸುತ್ತದೆ. ಪೆಟ್ರೋಲು ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಬಾಷ್ ಕಂಪನಿಯು ತಯಾರಿಸಿದ ಈ ಬಗೆಯ ಸೆನ್ಸರನ್ನು 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲಿಗೆ ಅಳವಡಿಸಿದರು. ಅದರ ಮಾತನ್ನು ಕೇಳಿ ಇ.ಸಿ.ಯು. ಕ್ಷಣಕ್ಷಣಕ್ಕೂ ಪೆಟ್ರೋಲನ್ನು ತುಸು ಹೆಚ್ಚಿಸುತ್ತ, ತುಸು ತಗ್ಗಿಸುತ್ತ ಇರುತ್ತದೆ.

ಎರಡು ತಂತಿಗಳ ಸಂಭಾಷಣೆ

ಇಂದಿನ ಕಾರಿನಲ್ಲಿ ಎಂಜಿನಿಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು, ಹೀಗೆ ಹಲವು ಗಣಕಗಳಿವೆ. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ತಂತಿ ಎಳೆದರೆ ಗಾಡಿಯು ತಂತಿಯ ಬಲೆಯಾದೀತು. ಈ ತೊಡಕನ್ನು ಬಿಡಿಸಲು ಜರ್ಮನಿಯ ಬಾಷ್ ಕಂಪನಿಯು ಕ್ಯಾನ್ ಎಂಬ ಏರ್ಪಾಡನ್ನು ರೂಪಿಸಿ 1986ರಲ್ಲಿ ಪ್ರಕಟಿಸಿತು. ಈ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಬೆಳೆದ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆಯಿತು.

ಕ್ಯಾನ್ ಏರ್ಪಾಡಿನಲ್ಲಿ ಒಂದಕ್ಕೊಂದು ಹೆಣೆದ ಎರಡೇ ತಂತಿಗಳು. ಸುಮ್ಮನಿರುವಾಗ ಎರಡರಲ್ಲಿಯೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೋಗುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವ ಗಣಕವು ಇವೆರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಇದರ ಚಾತುರ್ಯವೇನೆಂದರೆ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದಾಗುವ ವಿದ್ಯುತ್ ಗಲಭೆಯು ಎರಡು ತಂತಿಗಳಿಗೂ ಸಮನಾಗಿ ತಗಲುವುದರಿಂದ ಕಳೆಯುವ ಲೆಕ್ಕದಲ್ಲಿ ಅದು ಅಳಿಸಿಹೋಗುತ್ತದೆ.

ಈ ಸಂಭಾಷಣೆಯನ್ನು ನಾವು ಕೇಳುವ ಕಿಂಡಿಯು ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗೆ, ಚಾಲಕನ ಮೊಳಕಾಲಿನ ಬಳಿ ಇರುತ್ತದೆ. ಅದರಲ್ಲಿ 16 ಪಿನ್ನುಗಳ ಸ್ಥಾನಗಳಿವೆ. 16ನೆಯದಕ್ಕೆ ಬ್ಯಾಟರಿಯ ಧನಧ್ರುವ, 4 ಮತ್ತು 5ಕ್ಕೆ ಋಣ, 6 ಮತ್ತು 14ಕ್ಕೆ ಕ್ಯಾನ್ ತಂತಿಗಳು; ಹಳೆಯ ಬಗೆಯ ಕೆ-ಲೈನ್ ಎಂಬ ಒಂಟಿ ತಂತಿಯಾದರೆ 7ನೆಯದಕ್ಕೆ. ಕ್ಯಾನ್ ತಂತಿಗಳ ಎರಡು ತುದಿಗಳಲ್ಲಿಯೂ 120 ಓಮ್‌ಗಳ ಒಂದೊಂದು ರೋಧಕವಿರುತ್ತದೆ. ಸಮಾಂತರವಾಗಿ ಜೋಡಿಸಿದ ಎರಡು 120 ಓಮ್‌ಗಳ ಒಟ್ಟು ರೋಧವೆಷ್ಟು? 60 ಓಮ್. ಬ್ಯಾಟರಿಯನ್ನು ಬಿಚ್ಚಿ ಮೀಟರಿನಿಂದ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದಾಗ ಬಹುಪಾಲು ಗಾಡಿಗಳಲ್ಲಿ ಇದೇ ಅಂಕಿ ಬರುತ್ತದೆ. 120 ಬಂದರೆ ಒಂದು ಕಡೆಯ ರೋಧಕದ ಸಂಪರ್ಕ ಕಡಿದಿದೆಯೆಂದು ತಿಳಿಯಬಹುದು.

ಸ್ಕ್ಯಾನರು ಕೇಳುವ ಪ್ರಶ್ನೆಗೆ ಗಾಡಿಯು ಬರಿಯ ಅಂಕಿಗಳಲ್ಲಿ ಉತ್ತರ ಕೊಡುತ್ತದೆ. ಎಂಜಿನಿನ ವೇಗವೆಷ್ಟು ಎಂದರೆ 12 ಮತ್ತು 128 ಎಂಬ ಎರಡು ಅಂಕಿಗಳು ಬಂದವೆನ್ನೋಣ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. 3072ಕ್ಕೆ 128 ಕೂಡಿಸಿದರೆ 3200. ನಾಲ್ಕರಿಂದ ಭಾಗಿಸಿದರೆ ನಿಮಿಷಕ್ಕೆ 800 ಸುತ್ತು. ಕೂಲೆಂಟಿನ ಉಷ್ಣತೆಗೆ 130 ಎಂದು ಉತ್ತರ ಬಂದರೆ ಅದರಲ್ಲಿ 40 ಕಳೆಯಬೇಕು: 90 ಡಿಗ್ರಿ ಸೆಲ್ಸಿಯಸ್. ಏಕೆ ಕಳೆಯಬೇಕು? ಒಂದು ಅಂಕಿಯ ವ್ಯಾಪ್ತಿ 0ಯಿಂದ 255ರವರೆಗೆ ಮಾತ್ರ. ಹಿಮ ಬೀಳುವ ದೇಶಗಳಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಅದರೊಳಗೇ ಹೇಳಬೇಕಲ್ಲವೆ? ಆದುದರಿಂದ ಲೆಕ್ಕವನ್ನು 40 ಮೆಟ್ಟಿಲು ಕೆಳಗಿನಿಂದ ಆರಂಭಿಸಿದ್ದಾರೆ.

ದೋಷಸಂಕೇತಗಳ ವ್ಯಾಕರಣ

ದೋಷವೊಂದು ಕಂಡಾಗ ಇ.ಸಿ.ಯು. ಅದನ್ನು ಐದು ಚಿಹ್ನೆಗಳ ಸಂಕೇತವಾಗಿ ಬರೆದಿಡುತ್ತದೆ. ಮೊದಲಿನದು ಅಕ್ಷರ: ಪಿ ಎಂದರೆ ಎಂಜಿನು ಮತ್ತು ಗೇರುಗಳ ಭಾಗ, ಸಿ ಎಂದರೆ ಬ್ರೇಕು ಮುಂತಾದ ಚಾಸಿಯ ಭಾಗ, ಬಿ ಎಂದರೆ ಏರ್‌ಬ್ಯಾಗು ಮುಂತಾದ ಬಾಡಿಯ ಭಾಗ, ಯು ಎಂದರೆ ಗಣಕಗಳ ನಡುವಣ ಸಂಪರ್ಕ. ಎರಡನೆಯ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಅರ್ಥ. 1 ಆದರೆ ಆಯಾ ಕಂಪನಿಯ ಸ್ವಂತ ಅರ್ಥ. ಪಿ 0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರಿನ ವಿದ್ಯುನ್ಮಾರ್ಗದಲ್ಲಿ ದೋಷವಿದೆ. ಪಿ 0420 ಎಂದರೆ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ತಕ್ಕಷ್ಟು ಕೆಲಸ ಮಾಡುತ್ತಿಲ್ಲ.

ಒಮ್ಮೆ ಕಂಡ ದೋಷಕ್ಕೆಲ್ಲ ದೀಪ ಹೊತ್ತುವುದಿಲ್ಲ. ಅನೇಕ ದೋಷಗಳು ಎರಡು ಸಲದ ಓಟದಲ್ಲಿ ಮತ್ತೆ ಮತ್ತೆ ಕಂಡರೆ ಮಾತ್ರ ದೀಪ ಉರಿಯುತ್ತದೆ. ಒಮ್ಮೆ ಮಾತ್ರ ಕಂಡುದನ್ನು ಇ.ಸಿ.ಯು. ಸಂದೇಹದ ಪಟ್ಟಿಯಲ್ಲಿ ಇಟ್ಟಿರುತ್ತದೆ. ಒಳ್ಳೆಯ ಸ್ಕ್ಯಾನರು ಈ ಪಟ್ಟಿಯನ್ನೂ ಓದಬಲ್ಲದು.

ಸಂಕೇತವು ಲಕ್ಷಣವೇ ಹೊರತು ಕಾರಣವಲ್ಲ

ಸ್ಕ್ಯಾನರು ಕೊಂಡವರಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಪಿ 0171 ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿದೆಯೆಂದು ಇದರ ಅರ್ಥ. ಈ ಸುದ್ದಿಯನ್ನು ತಂದುದು ಆಮ್ಲಜನಕದ ಸೆನ್ಸರು. ಅದನ್ನೇ ಅಪರಾಧಿಯೆಂದು ಬಗೆದು ಹೊಸ ಸೆನ್ಸರನ್ನು ಹಾಕಿಸಿದರೆ ಆಗುವುದೇನು? ಹೊಸದೂ ಅದೇ ಸುದ್ದಿಯನ್ನು ತರುತ್ತದೆ. ಕೆಟ್ಟ ಸುದ್ದಿ ತಂದ ದೂತನನ್ನು ದಂಡಿಸಿದಂತಾಯಿತು, ಅಷ್ಟೆ.

ನಿಜವಾದ ಕಾರಣವನ್ನು ಹುಡುಕಲು ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಅಂಕಿಯನ್ನು ನೋಡಬೇಕು. ಇ.ಸಿ.ಯು. ತನ್ನ ಮೊದಲ ಲೆಕ್ಕಕ್ಕಿಂತ ಶೇಕಡ ಎಷ್ಟು ಪೆಟ್ರೋಲನ್ನು ಹೆಚ್ಚಾಗಿ ಸೇರಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಗಾಳಿಯನ್ನಳೆಯುವ ಕಾದ ತಂತಿಯುಳ್ಳ ಗಾಡಿಯೊಂದರಲ್ಲಿ ಈ ಅಂಕಿಯು ಎಂಜಿನು ನಿಧಾನವಾಗಿ ನಡೆಯುವಾಗ ಬಹಳ ಹೆಚ್ಚಾಗಿದ್ದು, ವೇಗವನ್ನು 2500 ಸುತ್ತಿಗೆ ಏರಿಸಿದಾಗ ಸರಿಹೋದರೆ, ಎಲ್ಲಿಯೋ ಒಂದು ಬಿರುಕಿನಿಂದ ಅಳತೆಗೆ ಸಿಕ್ಕದ ಗಾಳಿ ಒಳಹೋಗುತ್ತಿದೆಯೆಂದು ಊಹಿಸಬಹುದು. ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯು ಎಂಜಿನು ಕಡಿಮೆ ಗಾಳಿ ಕುಡಿಯುವಾಗ ದೊಡ್ಡ ಪಾಲಾಗುತ್ತದೆ, ಹೆಚ್ಚು ಕುಡಿಯುವಾಗ ಸಣ್ಣ ಪಾಲಾಗುತ್ತದೆ. ಇದಕ್ಕೆ ವಿರುದ್ಧವಾಗಿ, ವೇಗವೂ ಭಾರವೂ ಏರಿದಂತೆ ಅಂಕಿಯೂ ಏರುತ್ತ ಹೋದರೆ, ಪೆಟ್ರೋಲು ಸಾಲದಷ್ಟು ಬರುತ್ತಿದೆ, ಅಥವಾ ಗಾಳಿಯನ್ನಳೆಯುವ ತಂತಿಯು ಕೊಳೆಯಾಗಿದೆ. ಒತ್ತಡವನ್ನಳೆಯುವ ಬಗೆಯ ಗಾಡಿಗಳಲ್ಲಿ ಬಿರುಕು ಹೀಗೆಯೇ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿ ಎಂಜಿನಿನ ನಿಧಾನಗತಿಯ ವೇಗವೇ ಏರಿರುವುದುಂಟು. ಆದುದರಿಂದ ತನ್ನ ಗಾಡಿಯದು ಯಾವ ಬಗೆಯೆಂದು ಮೊದಲೇ ತಿಳಿದಿರಬೇಕು.

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂಗಳ ಸೀಮೆ ಸುಣ್ಣಕಲ್ಲಿನ ಸೀಮೆ. ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ಹಾದಿಯಲ್ಲಿ ಓಡಾಡುವ ಗಾಡಿಗೆ ಧೂಳು ತಪ್ಪಿದ್ದಲ್ಲ. ಏರ್ ಫಿಲ್ಟರು ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ನುಣ್ಣನೆಯ ಧೂಳು ಒಳಹೋಗಿ ಕಾದ ತಂತಿಯ ಮೇಲೆ ಹೊದಿಕೆಯಂತೆ ಕೂರುತ್ತದೆ. ಹೊದಿಕೆ ಬಿದ್ದ ತಂತಿ ಬೇಗ ತಣಿಯದು. ಗಾಳಿ ಕಡಿಮೆಯಿದೆಯೆಂದು ಅದು ಸುಳ್ಳು ಹೇಳುತ್ತದೆ. ಈ ಕಡೆಯ ಗಾಡಿಯಲ್ಲಿ ಪಿ 0171 ಕಂಡರೆ ಕೈಚೀಲಕ್ಕೆ ಕೈಹಾಕುವ ಮೊದಲು ಬಾನೆಟ್ಟನ್ನೆತ್ತಿ ಫಿಲ್ಟರು, ಅದರ ಡಬ್ಬಿಯ ಮುಚ್ಚಳ, ರಬ್ಬರು ಕೊಳವೆಗಳನ್ನು ನೋಡಬೇಕು. ಈ ನೋಟಕ್ಕೆ ಒಂದು ಕಾಸೂ ಬೇಡ.

ಪೇಟೆಯಲ್ಲಿರುವ ಮೂರು ಬಗೆಗಳು

ಮೊದಲನೆಯದು, ಕಿಂಡಿಗೆ ಚುಚ್ಚಿ ಬ್ಲೂಟೂತ್ ಅಥವಾ ವೈಫೈ ಮೂಲಕ ಮೊಬೈಲು ಫೋನಿಗೆ ಸುದ್ದಿ ಕಳಿಸುವ ಬೆಂಕಿಪೊಟ್ಟಣದಷ್ಟಿನ ಅಡಾಪ್ಟರು. ಇವುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಆರಂಭ. ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪುಗಳೊಡನೆ ಇವು ಕೆಲಸಮಾಡುತ್ತವೆ. ಬಹುಪಾಲು ಅಡಾಪ್ಟರುಗಳ ಮೇಲೆ ಇ.ಎಲ್.ಎಂ. 327 ಎಂದು ಅಚ್ಚಾಗಿರುತ್ತದೆ. ಇದಕ್ಕೊಂದು ಚರಿತ್ರೆಯಿದೆ. ಕೆನಡಾದ ಎಲ್ಮ್ ಇಲೆಕ್ಟ್ರಾನಿಕ್ಸ್ ಎಂಬ ಚಿಕ್ಕ ಕಂಪನಿಯು ಗಾಡಿಯ ಭಾಷೆಯನ್ನು ಗಣಕಕ್ಕೆ ಅನುವಾದಿಸುವ ಚಿಪ್ಪನ್ನು ತಯಾರಿಸಿತು. ಅದರ ಮೊದಲ ಆವೃತ್ತಿಗೆ ನಕಲಿನಿಂದ ರಕ್ಷಣೆಯಿರಲಿಲ್ಲ. ಕೂಡಲೆ ಅದನ್ನು ನಕಲು ಮಾಡಿ ಲೋಕದ ತುಂಬ ಮಾರಿದರು. ಇಂದು ಪೇಟೆಯಲ್ಲಿರುವ ಅಗ್ಗದ ಅಡಾಪ್ಟರುಗಳು ಆ ನಕಲಿನ ಸಂತತಿಯೇ. ಎಷ್ಟೋ ಪೆಟ್ಟಿಗೆಗಳ ಮೇಲೆ 1.5 ಆವೃತ್ತಿಯೆಂದು ಬರೆದಿರುತ್ತದೆ. ಮೂಲ ಕಂಪನಿಯು ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇರಲಿಲ್ಲ! ನಕಲೆಲ್ಲ ನಿರುಪಯುಕ್ತವೆಂದಲ್ಲ, ಅನೇಕವು ಸಾಧಾರಣ ಕೆಲಸಕ್ಕೆ ಸಾಕು. ಆದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಗುಣಕ್ಕೆ ಪ್ರಮಾಣವೆಂದು ಭಾವಿಸಬಾರದು.

ಎರಡನೆಯದು, ತನ್ನದೇ ಪರದೆಯೂ ಗುಂಡಿಗಳೂ ತಂತಿಯೂ ಇರುವ ಕೈಯಂತ್ರ. ಇದರ ಬೆಲೆ ಸಾಧಾರಣವಾಗಿ ಒಂದು ಸಾವಿರ ರೂಪಾಯಿಯ ಮೇಲೆ. ಫೋನಿನ ಹಂಗಿಲ್ಲ, ಜೋಡಣೆಯ ತಾಪತ್ರಯವಿಲ್ಲ.

ಮೂರನೆಯದು, ಎಂಜಿನಲ್ಲದೆ ಬ್ರೇಕು, ಏರ್‌ಬ್ಯಾಗುಗಳ ಗಣಕಗಳನ್ನೂ ಓದಿ, ಫ್ಯಾನು ತಿರುಗು, ಪಂಪು ನಡೆ ಎಂದು ಆಜ್ಞೆ ಮಾಡಬಲ್ಲ ಯಂತ್ರ. ಇದು ಹಲವು ಸಾವಿರ ರೂಪಾಯಿಗಳ ಬಾಬತ್ತು. ಗ್ಯಾರೇಜು ನಡೆಸುವವರಿಗೆ ತಕ್ಕದ್ದು. ಮನೆಯ ಒಂದು ಕಾರಿಗಾಗಿ ಇದನ್ನು ಕೊಳ್ಳುವುದು, ಕೊಡ ನೀರಿಗಾಗಿ ಬಾವಿ ತೋಡಿಸಿದಂತೆ.

ಆರಿಸುವಾಗ ನೋಡಬೇಕಾದುವು

ಒಂದು: ಗಾಡಿಯಲ್ಲಿ 16 ಪಿನ್ನಿನ ಕಿಂಡಿಯಿದೆಯೆ ಎಂದು ಬಗ್ಗಿ ನೋಡಿ, ಓ.ಬಿ.ಡಿ. ಉಂಟೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಕಿಂಡಿಯಿದ್ದ ಮಾತ್ರಕ್ಕೆ ಹಳೆಯ ಗಾಡಿಯು ಸಾಮಾನ್ಯ ಭಾಷೆಯನ್ನಾಡುತ್ತದೆಯೆಂದು ಹೇಳಲಾಗದು. ಕಾರ್ಬ್ಯುರೇಟರಿನ ಗಾಡಿಗಾದರೆ ಸ್ಕ್ಯಾನರಿನಿಂದ ಏನೂ ಪ್ರಯೋಜನವಿಲ್ಲ.

ಎರಡು: ಯಂತ್ರವು ಕ್ಯಾನ್ ಮತ್ತು ಕೆ-ಲೈನ್ ಎರಡು ಭಾಷೆಗಳನ್ನೂ ಬಲ್ಲದಾಗಿರಬೇಕು. ಹೊಸ ಗಾಡಿಗೆ ಕ್ಯಾನ್ ಒಂದೇ ಸಾಕು. ಹಳೆಯದಕ್ಕೆ ಕೆ-ಲೈನ್ ಬೇಕಾಗಬಹುದು.

ಮೂರು: ಸಂಕೇತಗಳನ್ನು ಓದಿ ಅಳಿಸುವ ಯಂತ್ರ ಮಾತ್ರ ಸಾಲದು. ನಡೆಯುವ ಎಂಜಿನಿನ ಅಂಕಿಗಳನ್ನು ಆಗಿಂದಾಗಲೇ ತೋರಿಸಬೇಕು. ದೋಷ ಕಂಡ ಕ್ಷಣದಲ್ಲಿ ಎಂಜಿನಿನ ವೇಗ, ಉಷ್ಣತೆ, ಭಾರ ಎಷ್ಟಿದ್ದುವೆಂಬ ದಾಖಲೆಯನ್ನು ತೆಗೆದುಕೊಡಬೇಕು. ಸಂದೇಹದ ಪಟ್ಟಿಯನ್ನೂ, ಆತ್ಮಪರೀಕ್ಷೆಗಳು ಮುಗಿದಿವೆಯೆ ಎಂಬುದನ್ನೂ ಹೇಳಬೇಕು. ಈ ನಾಲ್ಕು ಗುಣಗಳಿಲ್ಲದುದು ಎಷ್ಟೇ ಅಗ್ಗವಾದರೂ ದುಬಾರಿಯೇ.

ನಾಲ್ಕು: ಅಡಾಪ್ಟರಾದರೆ ನಿಮ್ಮ ಫೋನಿಗೆ ಹೊಂದುವುದೆ ಎಂದು ಕೇಳಬೇಕು. ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರುಗಳು ಆಂಡ್ರಾಯ್ಡ್ ಫೋನಿಗೆ ಹೊಂದುತ್ತವೆ. ಐಫೋನಿಗೆ ವೈಫೈ ಅಥವಾ ಹೊಸ ಬಗೆಯ ಬ್ಲೂಟೂತ್ ಬೇಕು.

ಐದು: ಹಿಂತಿರುಗಿಸುವ ಅವಕಾಶವಿಟ್ಟುಕೊಂಡು ಕೊಂಡು, ಆ ಅವಧಿಯೊಳಗೆ ನಿಮ್ಮ ಗಾಡಿಯ ಮೇಲೆಯೇ ಪರೀಕ್ಷಿಸಬೇಕು. ಇದಕ್ಕೊಂದು ಸುಲಭವಾದ ಪ್ರಯೋಗವಿದೆ. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗಿನ ಜಾವ, ಎಂಜಿನು ಚಾಲೂ ಮಾಡುವ ಮೊದಲು, ಯಂತ್ರವನ್ನು ಚುಚ್ಚಿ ಕೀಲಿಯನ್ನು ಮಾತ್ರ ತಿರುಗಿಸಿ. ಆಗ ಕೂಲೆಂಟಿನ ಉಷ್ಣತೆ, ಒಳಬರುವ ಗಾಳಿಯ ಉಷ್ಣತೆ, ಹೊರಗಿನ ಉಷ್ಣತೆ ಮೂರೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಒಂದು 28, ಇನ್ನೊಂದು 29 ತೋರಿಸಿದರೆ ಯಂತ್ರವೂ ಸರಿ, ಸೆನ್ಸರುಗಳೂ ಸರಿ. ಒಂದು ಮಾತ್ರ 60 ತೋರಿಸಿದರೆ ಆ ಸೆನ್ಸರನ್ನು ಶಂಕಿಸಬೇಕು.

ಪೆಟ್ರೋಲನ್ನು ಉಳಿಸುತ್ತದೆಂದು ಹೇಳಿ ಇದೇ ಕಿಂಡಿಗೆ ಚುಚ್ಚುವ ಸಾಧನಗಳನ್ನೂ ಮಾರುತ್ತಾರೆ. ಅಂಥದೊಂದನ್ನು ಬಿಚ್ಚಿ ನೋಡಿದ ಪರೀಕ್ಷಕರಿಗೆ ಅದರೊಳಗೆ ಕಂಡುದು ಮಿಣುಕುವ ದೀಪಗಳು ಮಾತ್ರ. ಗಾಡಿಯೊಡನೆ ಮಾತನಾಡುವ ಏರ್ಪಾಡು ಅದರಲ್ಲಿರಲೇ ಇಲ್ಲ. ಆ ಹಣವನ್ನು ಟೈರಿಗೆ ಸರಿಯಾಗಿ ಗಾಳಿ ತುಂಬಿಸಲು ಬಳಸಿದರೆ ನಿಜವಾಗಿ ಪೆಟ್ರೋಲು ಉಳಿಯುತ್ತದೆ.

ಬೇಸಗೆಯ ಬಿಸಿಲಿನಲ್ಲಿ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಕೂಲೆಂಟು ತಣಿಯಬೇಕಾದರೆ ಅದಕ್ಕೂ ಹೊರಗಿನ ಗಾಳಿಗೂ ಉಷ್ಣತೆಯಲ್ಲಿ ಅಂತರವಿರಬೇಕು. ಗಾಳಿ ಬಿಸಿಯಾದಷ್ಟೂ ಆ ಅಂತರ ಕುಗ್ಗುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಧೂಳು ತುಂಬಿದ್ದರಂತೂ ಕಷ್ಟ ಇಮ್ಮಡಿ. ಅನೇಕ ಸಣ್ಣ ಕಾರುಗಳಲ್ಲಿ ಉಷ್ಣತೆಯ ಮುಳ್ಳೇ ಇರುವುದಿಲ್ಲ. ಎಂಜಿನು ಮಿತಿಮೀರಿ ಕಾದಮೇಲೆ ಒಂದು ಕೆಂಪು ದೀಪ ಹೊತ್ತುತ್ತದೆ, ಅಷ್ಟೆ. ಇಂಥ ಗಾಡಿಯಲ್ಲಿ ಅಗ್ಗದ ಸ್ಕ್ಯಾನರೇ ಉಷ್ಣಮಾಪಕದ ಕೆಲಸ ಮಾಡುತ್ತದೆ. 85ರಿಂದ 100 ಡಿಗ್ರಿಯ ಸುತ್ತಮುತ್ತ ಅಂಕಿ ಆಡುತ್ತಿದ್ದು, ಏರಿದಾಗ ಫ್ಯಾನು ತಿರುಗಿ ಮತ್ತೆ ಇಳಿದರೆ ಎಲ್ಲವೂ ಸರಿಯಿದೆ. ನಿಲ್ಲದೆ ಏರುತ್ತಲೇ ಹೋದರೆ ಗಾಡಿಯನ್ನು ನಿಲ್ಲಿಸಬೇಕು. ಒತ್ತಡ ಹೆಚ್ಚಿದಷ್ಟೂ ದ್ರವವು ಕುದಿಯುವ ಉಷ್ಣತೆಯೂ ಏರುವುದರಿಂದ ಮುಚ್ಚಿದ ರೇಡಿಯೇಟರಿನೊಳಗೆ ಕೂಲೆಂಟು 100 ಡಿಗ್ರಿಯನ್ನು ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳವನ್ನು ತೆರೆದೊಡನೆ ಒತ್ತಡವಿಳಿದು ಅದು ಒಮ್ಮೆಲೆ ಉಕ್ಕಿ ಮುಖವನ್ನು ಸುಡುತ್ತದೆ. ಪ್ರೆಶರ್ ಕುಕ್ಕರಿನ ಈ ಪಾಠವನ್ನು ಎಂದಿಗೂ ಮರೆಯಬಾರದು.

ಎಚ್ಚರಿಕೆಯ ಕೆಲವು ಮಾತುಗಳು

ಸಂಕೇತ ಕಂಡೊಡನೆ ಅಳಿಸಿಬಿಡುವುದು ಅವಿವೇಕ. ಅಳಿಸಿದರೆ ದೋಷ ಕಂಡ ಕ್ಷಣದ ದಾಖಲೆಯೂ ಅಳಿಯುತ್ತದೆ, ಸಾಕ್ಷ್ಯವನ್ನು ಸುಟ್ಟಂತಾಗುತ್ತದೆ. ಮೊದಲು ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ದೋಷ ನಿಜವಾಗಿ ನಿವಾರಣೆಯಾದರೆ ಸಾಮಾನ್ಯವಾಗಿ ಮೂರು ಸಲದ ಓಟದಲ್ಲಿ ದೀಪವು ತಾನಾಗಿಯೇ ಆರುತ್ತದೆ.

ಹಳೆಯ ಕಾರನ್ನು ಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮಾರುವವನು ಹಿಂದಿನ ರಾತ್ರಿ ಸಂಕೇತಗಳನ್ನು ಅಳಿಸಿ ದೀಪವನ್ನು ಆರಿಸಿರಬಹುದು. ಆದರೆ ಅಳಿಸಿದಾಗ ಗಾಡಿಯ ಆತ್ಮಪರೀಕ್ಷೆಗಳೆಲ್ಲ ಅಪೂರ್ಣವೆಂಬ ಸ್ಥಿತಿಗೆ ಮರಳುತ್ತವೆ. ಅವು ಮತ್ತೆ ಪೂರ್ಣವಾಗಲು ಹಲವು ದಿನಗಳ ಓಟ ಬೇಕು. ದಿನವೂ ಓಡುತ್ತಿದೆಯೆಂದು ಹೇಳುವ ಗಾಡಿಯಲ್ಲಿ ಬಹಳಷ್ಟು ಪರೀಕ್ಷೆಗಳು ಅಪೂರ್ಣವಾಗಿದ್ದರೆ, ಕಾರಣವೇನೆಂದು ಕೇಳಿ. ಬ್ಯಾಟರಿಯನ್ನು ಈಚೆಗೆ ಬಿಚ್ಚಿದ್ದರೂ ಹಾಗಾಗುವುದುಂಟು. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಕೊಡುವ ಮೊದಲು ಐದು ನಿಮಿಷದ ಈ ಪರೀಕ್ಷೆ ನಡೆಯಲೇಬೇಕು.

ಹಳದಿ ದೀಪವು ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ದಹನವು ತೀವ್ರವಾಗಿ ತಪ್ಪುತ್ತಿದೆಯೆಂದು ತಿಳಿದು, ವೇಗವನ್ನು ತಗ್ಗಿಸಿ ಗಾಡಿಯನ್ನು ನಿಲ್ಲಿಸಬೇಕು. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಬೆಲೆಬಾಳುವ ಕನ್ವರ್ಟರನ್ನು ಸುಡುತ್ತದೆ. ಬ್ರೇಕು ಮತ್ತು ಏರ್‌ಬ್ಯಾಗುಗಳ ದೋಷವನ್ನು ಮನೆಯಲ್ಲಿ ಸರಿಪಡಿಸುವ ಸಾಹಸ ಬೇಡ. ಕೆಲಸ ಮುಗಿದಮೇಲೆ ಅಡಾಪ್ಟರನ್ನು ಕಿತ್ತಿಡಿ. 16ನೆಯ ಪಿನ್ನಿಗೆ ಸದಾ ಬ್ಯಾಟರಿಯ ಸಂಪರ್ಕವಿರುವುದರಿಂದ, ಬಹುದಿನ ನಿಂತ ಗಾಡಿಯ ಬ್ಯಾಟರಿಯನ್ನು ಅದು ಬರಿದು ಮಾಡೀತು.

ಒಟ್ಟಿನಲ್ಲಿ, ಮನೆಯಲ್ಲಿ ಸ್ಟೇಜ್ 4 ಅಥವಾ 6ರ ಒಂದು ಕಾರಿದ್ದು, ಓ.ಬಿ.ಡಿ. ಇದೆಯೆಂದು ಖಚಿತವಾದವರಿಗೆ, ಮೇಲೆ ಹೇಳಿದ ನಾಲ್ಕು ಗುಣಗಳುಳ್ಳ ಸಾಧಾರಣ ಕೈಯಂತ್ರ ಅಥವಾ ಪರೀಕ್ಷಿಸಿ ಕೊಂಡ ಅಡಾಪ್ಟರು ಸಾಕು. ಅದಕ್ಕಿಂತ ಹೆಚ್ಚು ಬೆಲೆಯದನ್ನು ಕೊಳ್ಳುವ ಮೊದಲು ಹತ್ತು ಗಾಡಿಗಳ ಅಂಕಿಗಳನ್ನು ಓದಿ ಪುಸ್ತಕದಲ್ಲಿ ಬರೆದಿಟ್ಟು ಹೋಲಿಸುವ ಅಭ್ಯಾಸವನ್ನು ಮಾಡಿಕೊಳ್ಳುವುದು ಲೇಸು. ಆರೋಗ್ಯವಾಗಿರುವ ಎಂಜಿನಿನ ಅಂಕಿಗಳನ್ನು ಬಲ್ಲವನಿಗೆ ಮಾತ್ರ ಕೆಟ್ಟ ಎಂಜಿನಿನ ಅಂಕಿಗಳು ಅರ್ಥವಾಗುತ್ತವೆ. ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಳ್ಳುತ್ತಿದ್ದ ಹಿಂದಿನ ಮಿಸ್ತ್ರಿಯೂ ಒಳ್ಳೆಯ ಎಂಜಿನಿನ ಸದ್ದನ್ನು ಮೊದಲು ಕಲಿತೇ ಕೆಟ್ಟದನ್ನು ಗುರುತಿಸುತ್ತಿದ್ದನು.